ಅಡ್ಮಿನಿಸ್ಟ್ರೇಟರ್ ಅಂದರೆ ಯಾರು ಸ್ವಾಮಿ?

ಪ್ರಿಂಟರ್ ಕೆಟ್ಟರೆ ರಿಪೇರಿಯವರನ್ನು ಕರೆಸಬಹುದು. ಪ್ರಿಂಟರ್ ಚೆನ್ನಾಗೇ ಇದೆ, ಪೇಪರ್ ಇದೆ, ಟೋನರ್ ಇದೆ, ಪಕ್ಕದ ಮೇಜಿನವರಿಗೆ ಸರಸರ ಹಾಳೆ ಬರುತ್ತಿದೆ, ನಿಮಗೆ ಮಾತ್ರ ಬರುವುದಿಲ್ಲ. ಆಗ ಯಾರನ್ನು ಕರೆಸುತ್ತೀರಿ? ನಮ್ಮ ಆಫೀಸಿನಲ್ಲಿ ನನ್ನನ್ನು ಕರೆಯುತ್ತಾರೆ.

ನನ್ನ ಕೆಲಸ ಪ್ರೂಫ್ ನೋಡುವುದು. ಒತ್ತಕ್ಷರ ಬಿಟ್ಟುಹೋಗಿದೆಯಾ, ಅರ್ಕಾವೊತ್ತು ಸರಿಯಾಗಿ ಬಿದ್ದಿದೆಯಾ ಅಂತ ಹುಡುಕುವವನು ನಾನು. ಯಾವಾಗಲೋ ಒಮ್ಮೆ ಸಡಿಲವಾಗಿದ್ದ ಕೇಬಲನ್ನು ಒತ್ತಿ ಕೂರಿಸಿದ್ದೆ. ಅವತ್ತಿನಿಂದ 'ಕಂಪ್ಯೂಟರ್ ಗೊತ್ತಿರೋರು' ಅನ್ನುವ ಹೆಸರು ಬಂತು. ಅದಕ್ಕೆ ತಕ್ಕ ಸಂಬಳ ಬರಲಿಲ್ಲ.

ಆಫೀಸು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಸ್ಮರಣ ಸಂಚಿಕೆ, ಆಹ್ವಾನ ಪತ್ರಿಕೆ, ಒಂದಷ್ಟು ಪುಸ್ತಕ, ಜೊತೆಗೆ ಸಣ್ಣಪುಟ್ಟ ವೆಬ್‌ಸೈಟು ಮಾಡುತ್ತೇವೆ. ಅಕೌಂಟ್ಸ್ ಮೇಡಂಗೆ ಟ್ಯಾಲಿ ಬೇಕು, ಡಿಟಿಪಿ ಅಕ್ಕನಿಗೆ ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್ ಬೇಕು. ಹಾಗಾಗಿ ಇಬ್ಬರದೂ ವಿಂಡೋಸ್. ಡಿಸೈನ್ ಹುಡುಗನಿಗೆ ಮ್ಯಾಕ್ ಇಲ್ಲದಿದ್ದರೆ ಬಣ್ಣವೇ ಕಾಣುವುದಿಲ್ಲ. ವೆಬ್‌ಸೈಟ್ ಹುಡುಗ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸಿನ ಒಂದು ಬಗೆ) ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಅಷ್ಟು ಮಡಿ. ಇಷ್ಟು ಜನಕ್ಕೆ ಪ್ರಿಂಟರ್ ಒಂದೇ. ಅದನ್ನು ಯುಎಸ್‌ಬಿ ಕೇಬಲಿನಲ್ಲಿ ಮೇಡಂ ಕಂಪ್ಯೂಟರಿಗೆ ಸಿಕ್ಕಿಸಿ, ಅಲ್ಲಿಂದ ಎಲ್ಲರಿಗೂ ಶೇರ್ ಮಾಡಿದ್ದರು. ಮೇಡಂ ಐದೂವರೆಗೆ ಕಂಪ್ಯೂಟರ್ ಆರಿಸಿ ಬಸ್ಸು ಹಿಡಿದರೆ ಇಡೀ ಆಫೀಸಿಗೆ ಪ್ರಿಂಟರ್ ಇಲ್ಲ. ಇತ್ತ ದೇವರು ವರ ಕೊಡಲು ತಯಾರಾಗಿ ಕೆಂಪು ದೀಪ, ಹಸಿರು ದೀಪ ಮಿಣುಕಿಸುತ್ತಾ ಕೂತಿರುತ್ತಿತ್ತು. ಪೂಜಾರಿ ಬನಶಂಕರಿ ಬಸ್ಸಿನಲ್ಲಿ.

ಮೇಡಂ ಇದ್ದಾಗಲೂ ಸುಖವೇನಿರಲಿಲ್ಲ. 'ಆಗಲ್ಲ' ಅನ್ನುವುದರಲ್ಲಿ ಒಂದೊಂದು ಕಂಪ್ಯೂಟರಿನದು ಒಂದೊಂದು ಗುಣ.

ವಿಂಡೋಸಿನದು ನೇರ ಮಾತು. 'ಆಕ್ಸೆಸ್ ಡಿನೈಡ್. ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.' ಯಾರು ಸ್ವಾಮಿ ಈ ಅಡ್ಮಿನಿಸ್ಟ್ರೇಟರ್? ನಮ್ಮಲ್ಲಿ ಅಂಥ ಹುದ್ದೆಯೇ ಇಲ್ಲ. ಪಾಸ್‌ವರ್ಡ್ ಇಟ್ಟ ಹುಡುಗ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ. ಫೋನ್ ಮಾಡಿದರೆ, "ಆಫೀಸ್ ಹೆಸರೇ ಸಾರ್, ಕೊನೇಲಿ ಒಂದು ಎರಡು ಮೂರು" ಅಂದ. ಮೊದಲಕ್ಷರ ದೊಡ್ಡದೋ ಚಿಕ್ಕದೋ ಅಂದರೆ, "ಎರಡೂ ಹೊಡ್ದು ನೋಡಿ ಸಾರ್" ಅಂತ ಫೋನ್ ಇಟ್ಟ.

ವಿಂಡೋಸ್ ಇಷ್ಟು ಬಿಗಿಯಾಗಿದ್ದಕ್ಕೆ ಕಾರಣವೂ ಇದೆ. 2021ರ ಮಧ್ಯದಲ್ಲಿ ಅದರ ಪ್ರಿಂಟ್ ಸ್ಪೂಲರಿನಲ್ಲಿ, ಅಂದರೆ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ಭಾಗದಲ್ಲಿ, ದೊಡ್ಡ ತೂತು ಬಯಲಾಯಿತು. 'ಪ್ರಿಂಟ್‌ನೈಟ್‌ಮೇರ್' ಅಂತ ಹೆಸರಿಟ್ಟರು. ಪ್ರಿಂಟರ್ ಡ್ರೈವರ್ (ಕಂಪ್ಯೂಟರಿಗೆ ಪ್ರಿಂಟರಿನ ಭಾಷೆ ಕಲಿಸುವ ಸಾಫ್ಟ್‌ವೇರ್) ಹಾಕುವ ನೆಪದಲ್ಲಿ ಒಳಗೆ ಬಂದವನು ಇಡೀ ಕಂಪ್ಯೂಟರನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. ಆಗಸ್ಟಿನ ಅಪ್‌ಡೇಟಿನಲ್ಲಿ, ಡ್ರೈವರ್ ಹಾಕಬೇಕಾದರೆ ಅಡ್ಮಿನಿಸ್ಟ್ರೇಟರೇ ಬರಬೇಕು ಅಂತ ಕಟ್ಟು ಮಾಡಿದರು. ನ್ಯಾಯವೇ. ಆದರೆ ಮುಂದಿನ ತಿಂಗಳ ಅಪ್‌ಡೇಟ್ ಆದ ಮೇಲೆ ಎಷ್ಟೋ ಊರುಗಳಲ್ಲಿ ಶೇರ್ ಮಾಡಿದ ಪ್ರಿಂಟರುಗಳು ಒಂದು ನಂಬರ್ ತೋರಿಸಿ ಮುಷ್ಕರ ಹೂಡಿದವು. ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗಿರದಿದ್ದರೆ ಎರಡಕ್ಕೂ ಮಾತು ಬಂದ್.

ಆ ನಂಬರನ್ನು ಡಿಟಿಪಿ ಅಕ್ಕ ತನ್ನ ಮೇಜಿನಿಂದಲೇ ಕೂಗಿ ಹೇಳಿದಳು. "ಸೊನ್ನೆ, ಎಕ್ಸ್, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂದು, ಒಂದು, ಬಿ."

ಒಳಗಿನಿಂದ ಯಜಮಾನರು ಇಣುಕಿದರು. "ಯಾರಮ್ಮಾ ಅದು? ದುಬೈ ನಂಬರಾ?"

ಮ್ಯಾಕ್ ಹಾಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಿಲ್ಲ. ಬಹಳ ಮರ್ಯಾದೆ. ಪ್ರಿಂಟ್ ಒತ್ತಿದರೆ ಫೈಲನ್ನು ತೆಗೆದುಕೊಳ್ಳುತ್ತದೆ, 'ಹೋಲ್ಡ್' ಅಂತ ಬರೆದು ಒಳಗಿಟ್ಟುಕೊಳ್ಳುತ್ತದೆ, ಅಷ್ಟೇ. ಹೀಗಾಗುವುದು ಮೇಡಂ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾದಾಗ. ಮ್ಯಾಕ್ ತನ್ನ ಕೀಚೈನಿನಲ್ಲಿ ಹಳೆಯ ಪಾಸ್‌ವರ್ಡನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಪ್ರತಿ ಸಲವೂ ಅದನ್ನೇ ತೋರಿಸಿ ಪ್ರತಿ ಸಲವೂ ಬೈಸಿಕೊಂಡು ಬರುತ್ತದೆ. ಪ್ರಿಂಟ್ ಕ್ಯೂ ತೆರೆದು, ಫೈಲಿನ ಹೆಸರಿನ ಪಕ್ಕದ ಪುಟ್ಟ ಗುಂಡು ಬಾಣವನ್ನು ಒತ್ತಿದರೆ ಹೊಸ ಪಾಸ್‌ವರ್ಡ್ ಕೇಳುತ್ತದೆ. ಹಾಗೂ ಹಠ ಮಾಡಿದರೆ ಕೀಚೈನಿಗೇ ಹೋಗಿ ಹಳೆಯದನ್ನು ಅಳಿಸಬೇಕು. ನಮ್ಮ ಡಿಸೈನ್ ಹುಡುಗ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಬರಲಿಲ್ಲವಾ, ಇನ್ನೊಂದು ಸಲ ಪ್ರಿಂಟ್ ಒತ್ತುತ್ತಿದ್ದ. ಆಮೇಲೆ ಕೆಳಗಿನ ಜೆರಾಕ್ಸ್ ಅಂಗಡಿಗೆ ಹೋಗಿ ತೆಗೆಸಿಕೊಂಡು ಬರುತ್ತಿದ್ದ.

ನಾನು ಆ ಗುಂಡು ಬಾಣ ಒತ್ತಿ ಪಾಸ್‌ವರ್ಡ್ ಕೊಟ್ಟ ಮಧ್ಯಾಹ್ನ ಹೋಲ್ಡಿನಲ್ಲಿದ್ದದ್ದೆಲ್ಲ ಒಟ್ಟಿಗೆ ಬಿಡುಗಡೆಯಾಯಿತು. ಮುಗಿದೇ ಹೋಗಿದ್ದ ಗೃಹಪ್ರವೇಶದ ಆಹ್ವಾನ ಪತ್ರಿಕೆ, ಬೇಡ ಅಂತ ಬಿಟ್ಟ ಮುಖಪುಟಗಳು, ಧರ್ಮಸ್ಥಳದ ಬಸ್ ಟಿಕೆಟ್. ನಡುವೆ ಅವನ ರೆಸ್ಯೂಮೆ, ಅದೂ ಕಲರಿನಲ್ಲಿ. ಪ್ರಿಂಟರಿನ ಪಕ್ಕ ನಿಂತಿದ್ದವರು ಯಜಮಾನರೇ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಗೊತ್ತಿರುವ ಕೆಲಸಗಳು ಅನ್ನುವ ಕಡೆ ಕೊನೆಯ ಸಾಲು: 'ಆಫೀಸ್ ನೆಟ್‌ವರ್ಕ್ ಮತ್ತು ಪ್ರಿಂಟರ್ ನಿರ್ವಹಣೆ.'

"ನೋಡ್ರಿ," ಎಂದು ನನ್ನ ಕಡೆ ತಿರುಗಿದರು, "ಮನೇಲೇ ಎಕ್ಸ್‌ಪರ್ಟ್ ಇಟ್ಕೊಂಡು ನೀವ್ಯಾಕೆ ಒದ್ದಾಡ್ತಿದ್ದೀರಿ?"

ಇನ್ನು ಉಬುಂಟು. ಅದು 'ಕಂಪ್ಲೀಟೆಡ್' ಅನ್ನುತ್ತದೆ. ಏನು ಕಂಪ್ಲೀಟ್ ಆಯಿತು ಅಂತ ಕೇಳಬಾರದು. ಹಾಳೆಯಂತೂ ಬಂದಿರುವುದಿಲ್ಲ. ನಾನು ಕಳಿಸಿದೆ, ಆ ಕಡೆಯವರು ತೆಗೆದುಕೊಂಡರು, ಮುಂದಿನದು ನನಗೆ ಸೇರಿದ್ದಲ್ಲ ಅನ್ನುವ ಧೋರಣೆ. ಸೆಟ್ಟಿಂಗ್ ಬದಲಾಯಿಸಲು ಹೋದರೆ 'ಎಲ್‌ಪಿಅಡ್ಮಿನ್' ಅನ್ನುವ ಗುಂಪಿನಲ್ಲಿ ಇರಬೇಕಂತೆ. ಗುಂಪಿಗೆ ಸೇರಿಸಿದರೂ, ಲಾಗೌಟ್ ಆಗಿ ಮತ್ತೆ ಒಳಗೆ ಬರುವ ತನಕ ಸೇರಿದ ಲೆಕ್ಕವಿಲ್ಲ. ಹುಡುಗ ಲಾಗೌಟ್ ಆಗಲು ಸುತರಾಂ ಒಪ್ಪಲಿಲ್ಲ. ಅವನ ಕಂಪ್ಯೂಟರನ್ನು ಸಂಕ್ರಾಂತಿಯಿಂದ ಆರಿಸಿಲ್ಲವಂತೆ, ಅದೊಂದು ಹೆಮ್ಮೆ.

ಲಾಗೌಟ್ ಆಗುವ ಬದಲು ಅವನು ಕಥೆ ಹೇಳುತ್ತಾನೆ. ಕಥೆ ನಿಜವಾದದ್ದೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಪೇಪರ್ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪ್ರಿಂಟರ್ ಇದ್ದದ್ದು ಬೇರೆ ಮಹಡಿಯಲ್ಲಿ. ಹಳೆಯ ಪ್ರಿಂಟರಿಗೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಒಂದು ಉಪಾಯ ಮಾಡಿದ್ದರು: ಪೇಪರ್ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆ ಮೇಲೆ ಸುದ್ದಿ ಬರುತ್ತಿತ್ತು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಸೋರ್ಸ್ ಕೋಡ್, ಅಂದರೆ ಅದರ ಸಾಫ್ಟ್‌ವೇರಿನ ಮೂಲ ಬರಹ, ಸಿಗಲಿಲ್ಲ. ಆ ಸಿಟ್ಟು ಬೆಳೆಯುತ್ತಾ ಹೋಗಿ 1983ರಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನೂ ಯೋಜನೆಯಾಯಿತು. ಲಿನಕ್ಸ್ ಮುಂದೆ ಬೆಳೆದದ್ದು ಅದರ ಜೊತೆಗೇ. "ಗೊತ್ತಾಯ್ತಾ ಸಾರ್, ಪ್ರಿಂಟರ್ ಸರಿ ಇದ್ದಿದ್ರೆ ಲಿನಕ್ಸೇ ಇರ್ತಿರ್ಲಿಲ್ಲ" ಅಂತ ಮುಗಿಸುತ್ತಾನೆ. ಇರಲಿ, ಮೂರು ಪೇಜಿನ ಕೊಟೇಶನ್ ಎಲ್ಲಪ್ಪಾ?

ನನಗೆ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷಯ. ಮ್ಯಾಕ್ ಮತ್ತು ಲಿನಕ್ಸ್ ಎರಡರೊಳಗೂ ಪ್ರಿಂಟ್ ಮಾಡಿಸುವುದು ಒಂದೇ ಸಾಫ್ಟ್‌ವೇರ್. ಹೆಸರು ಕಪ್ಸ್, ಮೈಕೆಲ್ ಸ್ವೀಟ್ ಅನ್ನುವವರು ಬರೆದದ್ದು. 2002ರಿಂದ ಮ್ಯಾಕ್‌ನಲ್ಲಿ ಇರುವುದು ಅದೇ. 2007ರಲ್ಲಿ ಆಪಲ್ ಅದನ್ನು ಕೊಂಡೂಕೊಂಡಿತು. ಅಂದರೆ ಎರಡೂ ದಾಯಾದಿಗಳು. ಆದರೂ ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ.

ಕೊನೆಗೆ ಮೇಡಂ ಕಂಪ್ಯೂಟರನ್ನೇ ಮಧ್ಯದಿಂದ ತೆಗೆದೆವು. ಪ್ರಿಂಟರಿನ ಹಿಂಭಾಗದಲ್ಲಿ ನೆಟ್‌ವರ್ಕ್ ಕೇಬಲಿನ ಜಾಗ ಮೊದಲಿನಿಂದಲೂ ಇತ್ತು, ಅದರ ಮೇಲಿನ ಸ್ಟಿಕ್ಕರನ್ನೂ ಯಾರೂ ಕಿತ್ತಿರಲಿಲ್ಲ. ಕೇಬಲ್ ಹಾಕಿ, ರೂಟರಿನಲ್ಲಿ ಪ್ರಿಂಟರಿಗೆ ಒಂದು ಐಪಿ ವಿಳಾಸವನ್ನು ಖಾಯಂ ಮಾಡಿ, ಎಲ್ಲ ಕಂಪ್ಯೂಟರುಗಳಿಗೂ ಐಪಿಪಿ ಅನ್ನುವ, ನೆಟ್‌ವರ್ಕಿನಲ್ಲಿ ಪ್ರಿಂಟ್ ಕಳಿಸುವ ಪದ್ಧತಿಯ ಮೂಲಕ ನೇರವಾಗಿ ಸೇರಿಸಿದ್ದಾಯಿತು. ಯಾರ ಪಾಸ್‌ವರ್ಡೂ ಬೇಡ, ಯಾರ ಅಪ್ಪಣೆಯೂ ಬೇಡ.

ಉಬುಂಟುವಿನಿಂದ ಮೊದಲು ಬಂದ ಹಾಳೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆ. ಡಿಟಿಪಿ ಅಕ್ಕ ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಳು. ಆ ಫಾಂಟ್ ಯೂನಿಕೋಡ್ ಅಲ್ಲ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಪದ್ಧತಿಯದಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ, ಅಂಥವೇ ಗುರುತುಗಳು. ಕನ್ನಡ ಕಾಣಿಸುವುದು ಫಾಂಟಿನ ದಯೆಯಿಂದ. ಆ ಫಾಂಟ್ ಇಲ್ಲದ ಕಂಪ್ಯೂಟರಿನಿಂದ ಬಂದದ್ದಕ್ಕೆ, 'ಕನ್ನಡ' ಅಂತ ಇರಬೇಕಾದ ಕಡೆ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ಅದರ ಪಕ್ಕ ಪೌಂಡ್ ಗುರುತು. ಮೇಡಂ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಈ ಪಾರ್ಟಿ ಪೇಮೆಂಟ್ ಪೌಂಡಲ್ಲಿ ಮಾಡ್ತಾರಾ ಸಾರ್?"

ಪಿಡಿಎಫ್ ಮಾಡಿ ಕಳಿಸಿದರೆ ಸರಿಹೋಗುತ್ತದೆ, ಅದು ದೊಡ್ಡದಲ್ಲ. ದೊಡ್ಡದು ಆಮೇಲೆ ಬಂತು. ಎಲ್ಲರಿಗೂ ಪ್ರಿಂಟ್ ಬರತೊಡಗಿತಲ್ಲ, ಕಲರ್ ಟೋನರ್ ನೀರಿನ ಹಾಗೆ ಖರ್ಚಾಯಿತು. ಯಾರದೋ ಮಗಳ ಪರಿಸರ ಪ್ರಾಜೆಕ್ಟು, ಯಾರದೋ ಸತ್ಯನಾರಾಯಣ ಪೂಜೆಯ ಕರೆಯೋಲೆ. ಬಿಲ್ ನೋಡಿದ ಯಜಮಾನರು ನನ್ನನ್ನು ಒಳಗೆ ಕರೆದರು. "ಎಲ್ಲರಿಗೂ ಯಾಕ್ರೀ ಬಿಟ್ಟಿರಿ? ಒಂದು ಪರ್ಮಿಷನ್ನು ಗಿರ್ಮಿಷನ್ನು ಇಡಬಾರದಾ?"

ಈಗ ಪ್ರಿಂಟರಿನ ಪಕ್ಕ ಒಂದು ನೋಟ್‌ಬುಕ್ ಇದೆ. ಹೆಸರು, ಎಷ್ಟು ಪೇಜು, ಕಲರಾ ಬ್ಲ್ಯಾಕಾ, ಯಾತಕ್ಕೆ. ಮೇಡಂ ಸಹಿ ಬಿದ್ದ ಮೇಲೆ ಪ್ರಿಂಟ್. ವಿಂಡೋಸ್, ಮ್ಯಾಕ್, ಉಬುಂಟು ಮೂರರಲ್ಲೂ ನಡೆಯುತ್ತದೆ, ಅಪ್‌ಡೇಟ್ ಕಾಟ ಇಲ್ಲ. ಎರಡನೇ ಶನಿವಾರ ಮೇಡಂಗೆ ರಜೆ. ಅವತ್ತು ಎಲ್ಲರೂ ಜೆರಾಕ್ಸ್ ಅಂಗಡಿಗೆ.