ಸಮೀಪದೃಷ್ಟಿಗೆ ಶಾಮಿಯಾನ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದರೆ ನಮ್ಮಲ್ಲಿ ಒಂದೇ ಚರ್ಚೆ, ಉಡುಪಿ ಮೊದಲಾ, ದಕ್ಷಿಣ ಕನ್ನಡ ಮೊದಲಾ. 2024ರಲ್ಲಿ ಉಡುಪಿಯವರು, 2025ರಲ್ಲಿ ನಾವು, ದಕ್ಷಿಣ ಕನ್ನಡದವರು. ಮಕ್ಕಳ ಕನ್ನಡಕದ ಪವರ್‌ಗೂ ಒಂದು ರ್‍ಯಾಂಕ್ ಪಟ್ಟಿ ಬಿಟ್ಟರೆ ಅಲ್ಲೂ ಎರಡು ಜಿಲ್ಲೆಯವರು ಒಬ್ಬರಿಗೊಬ್ಬರು ಬಿಟ್ಟುಕೊಡಲಿಕ್ಕಿಲ್ಲ.

ಹಾಗಾಗಿ ಈಗ ಶಾಲೆಗಳಲ್ಲಿ ಕಣ್ಣಿನ ಶಿಬಿರದ ಸೀಸನ್. ಮಂಗಳೂರಿನ ಒಂದು ಶಾಲೆಯದ್ದು ಹೇಳ್ತೇನೆ, ಹೆಸರು ಬೇಡ. ಮೈದಾನದ ಅರ್ಧಕ್ಕೆ ಇಂಟರ್‌ಲಾಕ್ ಹಾಕಿ ವ್ಯಾನ್ ನಿಲ್ಲಿಸ್ತಾರೆ, ಉಳಿದರ್ಧದಲ್ಲಿ ಹೊಸ ಬ್ಲಾಕಿನ ಜಲ್ಲಿ ರಾಶಿ. ಆಟದ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಉಂಟು, ಪೋರ್ಷನ್ ಮುಗಿದಿಲ್ಲ ಅಂತ ಅದನ್ನು ಗಣಿತದ ಮೇಡಂ ತಗೊಳ್ತಾರೆ. ಪಿ.ಟಿ. ಮಾಸ್ಟ್ರಿಗೆ ಕೆಲಸ ಇಲ್ಲ ಅಂದುಕೊಳ್ಬೇಡಿ. ಶಿಬಿರದ ಶಾಮಿಯಾನ, ಮೈಕ್, ಫ್ಲೆಕ್ಸ್ ಎಲ್ಲ ಅವರದ್ದೇ.

ಉದ್ಘಾಟನೆ ಹತ್ತಕ್ಕೆ. ಗಣ್ಯರು ಬಂದದ್ದು ಹನ್ನೆರಡಕ್ಕೆ. ಶಾಮಿಯಾನ ಗಣ್ಯರಿಗೆ ಮಾತ್ರ ಸಾಕಾಗುವಷ್ಟು ಇದ್ದದ್ದರಿಂದ ಮಕ್ಕಳು ಸಾಲಾಗಿ ಬಯಲಲ್ಲಿ ನಿಂತರು. ಎರಡು ಗಂಟೆ! ಇಡೀ ಶಿಬಿರದಲ್ಲಿ ಮಕ್ಕಳ ಕಣ್ಣಿಗೆ ಸಿಕ್ಕ ನಿಜವಾದ ಉಪಚಾರ ಅಂದ್ರೆ ಅದೊಂದೇ, ಅದೂ ಅತಿಥಿಗಳು ತಡ ಮಾಡಿದ ಪುಣ್ಯದಿಂದ.

ತಮಾಷೆ ಅಲ್ಲ ಮಾರಾಯ್ರೆ. ತೈವಾನಿನವರು 2010ರಿಂದ ಶಾಲೆಗಳಿಗೆ ಹೇಳುತ್ತಿರುವುದು ಇದನ್ನೇ, ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಬಿಡಿ ಅಂತ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಜಾಸ್ತಿ ಹೊರಗಿನ ಪೀರಿಯಡ್ ಕೊಟ್ಟು ನೋಡಿದರು. ಮೂರು ವರ್ಷದಲ್ಲಿ ಮಾಮೂಲಿ ಶಾಲೆಗಳಲ್ಲಿ 39.5 ಶೇಕಡಾ ಮಕ್ಕಳಿಗೆ ಸಮೀಪದೃಷ್ಟಿ (ಹತ್ತಿರದ್ದು ಕಂಡು ದೂರದ್ದು ಮಸುಕಾಗುವುದು) ಬಂದರೆ ಇವರಲ್ಲಿ 30.4. ಕ್ಲಾಸಿನ ಟ್ಯೂಬ್‌ಲೈಟ್ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ), ಹೊರಗಿನ ಹಗಲು ಸಲೀಸಾಗಿ ಹತ್ತು ಸಾವಿರ ದಾಟುತ್ತೆ. ಖರ್ಚು ಸೊನ್ನೆ, ಟೆಂಡರ್ ಕರೆಯಲು ಏನೂ ಇಲ್ಲ. ಅದಕ್ಕೇ ನಮ್ಮಲ್ಲಿ ಯಾರಿಗೂ ಆಸಕ್ತಿ ಇಲ್ಲ, ಅಲ್ವಾ?

ಭಾಷಣಕ್ಕೆ ಬರೋಣ. ಒಬ್ಬರು ಕ್ಯಾರೆಟ್ ತಿನ್ನಿ ಅಂದರು. ಇನ್ನೊಬ್ಬರು ಊರ ಅಭಿಮಾನದಿಂದ ಬಸಳೆ ಅಂದರು. ಬಸಳೆ ಒಳ್ಳೆಯದೇ, ನಾನೂ ತಿನ್ತೇನೆ, ಆದರೆ ಸಮೀಪದೃಷ್ಟಿ ಅಂದರೆ ಹೆಚ್ಚಾಗಿ ಕಣ್ಣುಗುಡ್ಡೆಯೇ ಹಿಂದಕ್ಕೆ ಉದ್ದ ಆಗಿರುವುದು, ಒಂದು ಮಿಲಿಮೀಟರ್ ಜಾಸ್ತಿ ಆದರೆ ಪವರ್ ಸುಮಾರು ಎರಡೂವರೆ ಏರುತ್ತೆ, ಬಸಳೆ ತಿಂದು ಅದು ಗಿಡ್ಡ ಆಗುವುದಿಲ್ಲ. ಮೂರನೆಯವರು ಸಣ್ಣ ಮಕ್ಕಳಿಗೆ ಕನ್ನಡಕ ಕೊಡಲೇಬೇಡಿ, ಹಾಕಿದರೆ ಪವರ್ ಏರುತ್ತದೆ ಎಂದು ಅಪ್ಪಣೆ ಕೊಡಿಸಿದರು. ಏರುವುದಿಲ್ಲ. ಹಾಕದಿದ್ದರೆ ಬೋರ್ಡ್ ಕಾಣುವುದಿಲ್ಲ, ಅಷ್ಟೇ. ಅವರ ಮೂಗಿನ ಮೇಲೂ ಒಂದಿತ್ತು, ದಪ್ಪದ್ದು.

ಕನ್ನಡಕ ಬಂದಾಗಿರುವ ಮಕ್ಕಳಿಗೆ ಬಿಸಿಲೊಂದೇ ಸಾಲದು. ಪವರ್ ಏರುವ ವೇಗ ತಗ್ಗಿಸಲು ಕಣ್ಣಿನ ಡಾಕ್ಟ್ರು ರಾತ್ರಿ ಹಾಕುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಕೊಡ್ತಾರೆ, ಅದಕ್ಕೆಂದೇ ಮಾಡಿದ ಲೆನ್ಸ್ ಕೂಡ ಉಂಟು. ಹಾಂಗ್‌ಕಾಂಗ್‌ನಲ್ಲಿ 0.01, 0.025, 0.05 ಶೇಕಡಾ ಹನಿಗಳನ್ನು ಹೋಲಿಸಿ ನೋಡಿದಾಗ 0.05 ಚೆನ್ನಾಗಿ ಕೆಲಸ ಮಾಡಿತ್ತು. ಶಿಬಿರದಲ್ಲಿ ಇದರ ಸುದ್ದಿಯೇ ಇಲ್ಲ. ಹಂಚಿದ್ದು ನೀಲಿ ಬೆಳಕು ತಡೆಯುವ ಕನ್ನಡಕ. ಪವರ್ ಏರುವುದನ್ನು ಅದು ತಡೆಯುತ್ತದೆ ಅನ್ನಲಿಕ್ಕೆ ಆಧಾರ ಇಲ್ಲ, ಫೋಟೋಗೆ ಮಾತ್ರ ಚಂದ ಕಾಣುತ್ತೆ.

ಶಾಲೆಯನ್ನು ಮಾತ್ರ ಬೈದರೆ ಪಾಪ. ಮಕ್ಕಳನ್ನು ಬಯಲಲ್ಲಿ ನಿಲ್ಲಿಸಿದ ಸುದ್ದಿ ತಿಳಿದು ಮರುದಿನ ತಾಯಂದಿರ ದಂಡೇ ಆಫೀಸಿಗೆ ಬಂತು. "ಎಂತ ಸರ್, ನನ್ನ ಮಗಳು ಕಪ್ಪಾಗಿದ್ದಾಳೆ!" ಹೆಡ್‌ಮಾಸ್ಟ್ರು ಕೈಮುಗಿದು, ಇನ್ನು ಹಾಗಾಗುವುದಿಲ್ಲ ಅಂತ ಮಾತು ಕೊಟ್ಟರು. ಸಂಜೆಗೆ ವಾಟ್ಸಾಪ್‌ನಲ್ಲಿ ಸೂಚನೆಯೂ ಬಂತು: ಕಣ್ಣಿನ ಆರೈಕೆ ಕುರಿತು ಆನ್‌ಲೈನ್ ಕ್ವಿಜ್, ಆಟದ ಪೀರಿಯಡ್‌ನಲ್ಲಿ, ಮೊಬೈಲ್ ಕಡ್ಡಾಯ.