ಹೊಸ ಬಟ್ಟೆಯ ಹಳೇ ಕೌದಿ

ಕೌದಿ ಹೊಲಿಯಲು ಹಳೆ ಸೀರೆ ಬೇಕು ಅಂತ ಇಷ್ಟು ದಿನ ನಂಬಿಕೊಂಡಿದ್ದವರು ದಯವಿಟ್ಟು ತಿದ್ದಿಕೊಳ್ಳಿ. ಈಗ ಹೊಸ ಬಟ್ಟೆ ಬೇಕು. ಅದನ್ನು ಅಂಗಡಿಯಿಂದ ತರಬೇಕು, ಚೂರು ಚೂರು ಮಾಡಬೇಕು, ಆಮೇಲೆ ಆ ಚೂರುಗಳನ್ನೆಲ್ಲ ಕೂಡಿಸಿ ಮತ್ತೆ ಒಂದೇ ಬಟ್ಟೆ ಮಾಡಬೇಕು. ಇದನ್ನು ಕಲಿಸಲು ಬೆಂಗಳೂರಿನಲ್ಲಿ ಶನಿವಾರ, ಭಾನುವಾರದ ಕ್ಲಾಸುಗಳಿವೆ. ಮೊದಲ ಪಾಠ ಶಾಪಿಂಗ್. ತುಂಬಾ ಜನರಿಗೆ ಕೊನೆಯ ಪಾಠವೂ ಅದೇ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೌದಿಗೆ ಅಂತ ಯಾರಾದರೂ ಬಟ್ಟೆ ಕೊಂಡಿದ್ದನ್ನು ನಾನಂತೂ ಕೇಳಿಲ್ಲ. ಅವ್ವನ ಸವೆದ ಇಳಕಲ್ ಸೀರೆ, ಅಪ್ಪನ ಧೋತರ, ಹುಡುಗರಿಗೆ ಗಿಡ್ಡವಾದ ಅಂಗಿ. ಇಷ್ಟೇ ಬಂಡವಾಳ. ಪದರದ ಮೇಲೆ ಪದರ ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿಗೆ ಹಾಕಿದರೆ ಮುಗೀತು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೈಯದ್ದು ಇನ್ನೊಂದು ಸೊಗಸು. ಅವರು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬಂದು ನಿಲ್ಲುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ ಹೂವು ಇಡುತ್ತಾರೆ. ಆ ಹೂವಿಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಬತ್ತಲೆ ಕೌದಿ. ಕಲರ್ ಪ್ಯಾಲೆಟ್ ವರ್ಕ್‌ಶಾಪ್‌ಗೆ ಹೋಗದೆ ಇಷ್ಟೆಲ್ಲ ಹೇಗೆ ಮಾಡಿದರೋ, ಆಶ್ಚರ್ಯ!

ಈಗ ಅಂಗಡಿಗೆ ಬನ್ನಿ. ಏಸಿ ಇದೆ. ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದಾರೆ. ನಡುವಿನ ಮೇಜಿನ ಮೇಲೆ ‘ಫ್ಯಾಟ್ ಕ್ವಾರ್ಟರ್’ ಎಂಬ ಸರಕು. ಗಾಬರಿ ಬೇಡ. 44 ಇಂಚು ಅಗಲದ ಬಟ್ಟೆಯಲ್ಲಿ ಅರ್ಧ ಗಜ ಕತ್ತರಿಸಿ, ಅದನ್ನು ನಡುವೆ ಇನ್ನೊಮ್ಮೆ ಸೀಳಿದರೆ ಸಿಗುವ 18ಕ್ಕೆ 22 ಇಂಚಿನ ತುಂಡು ಅದು. ಚಿಕ್ಕಪೇಟೆಯಲ್ಲಿ ಇಂಥದ್ದನ್ನೇ ಕಟ್ ಪೀಸ್ ಅಂತ ಗುಡ್ಡೆ ಹಾಕಿ ಮಾರುತ್ತಾರೆ. ಅಲ್ಲಿ ಐದು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಜನ ಇಲ್ಲಿ ತುಟಿ ಪಿಟಕ್ ಅನ್ನದೆ ಕಾರ್ಡ್ ಕೊಡುತ್ತಾರೆ. ಯಾಕೆ ಅಂದರೆ ಇಲ್ಲಿ ತುಂಡನ್ನು ಸುರುಳಿ ಸುತ್ತಿ, ಸಣಬಿನ ದಾರ ಕಟ್ಟಿ, ಅದಕ್ಕೊಂದು ಕಂದು ಬಣ್ಣದ ಚೀಟಿ ಸಿಕ್ಕಿಸಿದ್ದಾರೆ. ಚೀಟಿಯ ಮೇಲೆ ‘ಪ್ರತಿ ತುಂಡಿಗೂ ಒಂದು ಕಥೆ ಇದೆ’ ಅಂತ ಬರೆದಿದೆ. ಹೋದ ತಿಂಗಳು ಗುಜರಾತಿನ ಜೇತ್‌ಪುರದಲ್ಲಿ ಪ್ರಿಂಟಾಗಿ ಲಾರಿ ಹತ್ತಿದ ಬಟ್ಟೆಗೆ ಅದೆಂಥ ಕಥೆಯಪ್ಪಾ? ಟೋಲ್ ಗೇಟಿನದ್ದಿರಬಹುದು.

“ಈ ನೀಲಿ ನಿಮ್ಮ ಹತ್ರ ಇದೆಯಲ್ವಾ?”

“ಅದು ಬೇರೆ ನೀಲಿ ಕಣ್ರೀ.”

“ಇದ್ರಲ್ಲಿ ಏನು ಹೊಲೀತೀರಿ?”

“ಇನ್ನೂ ಯೋಚ್ನೆ ಮಾಡಿಲ್ಲ. ಮೊದಲು ಬಟ್ಟೆ ಇರ್ಲಿ.”

ಈ ಖುಷಿಯನ್ನು ನಾನು ಹೀಗಳೆಯಲ್ಲ. ಹೊಸ ಹತ್ತಿ ಬಟ್ಟೆಯ ಗಂಜಿ ವಾಸನೆ, ಬೆರಳ ತುದಿಗೆ ಸಿಗುವ ಆ ಗರಿಗರಿ ಯಾರಿಗೆ ಬೇಡ? ತೊಂದರೆ ಬರುವುದು ಮನೆಗೆ ಬಂದ ಮೇಲೆ. ಹೊಸ ಹತ್ತಿ ನೀರು ಕಂಡರೆ ಕುಗ್ಗುತ್ತೆ. ಕೆಂಪು ಬಣ್ಣ ಪಕ್ಕದ ಬಿಳಿಗೆ ಹತ್ತುತ್ತೆ. ಹಾಗಾಗಿ ಹೊಲಿಯುವ ಮೊದಲೇ ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಅಂತಾರೆ ಟೀಚರ್. ಅಂದರೆ ದುಡ್ಡು ಕೊಟ್ಟು ಹೊಸದನ್ನು ತರಬೇಕು, ತಂದ ಕೂಡಲೇ ಹಳೇದು ಮಾಡಬೇಕು. ಅಜ್ಜಿಯ ಸೀರೆ ಈ ಕೋರ್ಸನ್ನು ವರ್ಷಗಟ್ಟಲೆ ಒಗೆಯುವ ಕಲ್ಲಿನ ಮೇಲೆ ಪುಕ್ಕಟೆ ಮುಗಿಸಿತ್ತು. ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು, ಮಗುವಿನ ಕೆನ್ನೆಗೂ ಚುಚ್ಚದಷ್ಟು ಮೆತ್ತಗಾಗಿತ್ತು.

ಆ ಸೀರೆ ಎಲ್ಲಿ ಹೋಯ್ತು? ಹಳೆ ಬಟ್ಟೆಗೆ ಪಾತ್ರೆ ಕೊಡುವವಳ ಗಂಟಿಗೆ. “ಅಕ್ಕಾ, ಜರಿ ಇಲ್ದಿದ್ರೆ ಬೇಸಿನ್ ಬರಲ್ಲ, ಡಬ್ಬಿ ತಗೊಳ್ಳಿ” ಅಂತ ಅವಳು ಆರು ಸೀರೆಗೆ ಒಂದು ಸ್ಟೀಲ್ ಡಬ್ಬಿ ಇಟ್ಟು ಹೋದಳು. ಅಂಥ ಗಂಟಿನ ಸೀರೆಗಳೇ ಕೈಯಿಂದ ಕೈಗೆ ದಾಟಿ, ಕೊನೆಗೆ ದೊಡ್ಡ ಅಂಗಡಿಯ ಗಾಜಿನ ಹಿಂದೆ ‘ವಿಂಟೇಜ್’ ಕೌದಿಯಾಗಿ ಕೂರುತ್ತವೆ. ಕೊಟ್ಟವರೇ ಅದರ ಮುಂದೆ ನಿಂತು, “ಅಯ್ಯೋ, ನಮ್ಮಜ್ಜಿ ಹತ್ರ ಥೇಟ್ ಇಂಥದ್ದೇ ಸೀರೆ ಇತ್ತು” ಅಂತ ಭಾವುಕರಾಗಿ ಬೆಲೆ ಕೇಳುತ್ತಾರೆ.

ಬೆಲೆಯ ವಿಷಯದಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಹತ್ತಿ ಕೌದಿಗೆ 5 ಪರ್ಸೆಂಟ್ ಜಿಎಸ್‌ಟಿ. ಒಂದು ರೂಪಾಯಿ ಜಾಸ್ತಿಯಾದರೂ 18. ಹೀಗೆ ಕೌದಿಯಲ್ಲೂ ಎರಡು ಜಾತಿಯಾದವು: ಹೊದೆಯುವ ಕೌದಿ, ಗೋಡೆಗೆ ನೇತುಹಾಕುವ ಕೌದಿ.

ಇನ್ನು ಬಟ್ಟೆ ಇಲ್ಲ ಅನ್ನುವ ಮನೆ ಯಾವುದು ಹೇಳಿ? ಪ್ರತಿ ಬೀರುವಿನಲ್ಲೂ ಬ್ಲೌಸ್ ಪೀಸುಗಳ ಒಂದು ಅಟ್ಟಿ ಇದ್ದೇ ಇರುತ್ತೆ. ಗೌರಿ ಹಬ್ಬದ ಬಾಗಿನದಲ್ಲಿ ಬಂದದ್ದು, ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಂದದ್ದು. ಯಾರೂ ಹೊಲಿಸಲ್ಲ, ಯಾರೂ ಬಿಸಾಡಲ್ಲ. ಮುಂದಿನ ಮನೆಗೆ ದಾಟಿಸುತ್ತಾರೆ. ಕೊಟ್ಟವರಿಗೇ ತಿರುಗಿ ಹೋಗದ ಹಾಗೆ ನೆನಪಿಟ್ಟುಕೊಳ್ಳುವುದೇ ಒಂದು ವಿದ್ಯೆ. ಆ ಅಟ್ಟಿಯಲ್ಲಿ ಅರಿಶಿನ, ರಾಣಿ ಪಿಂಕ್, ಗಿಳಿ ಹಸಿರು ಎಲ್ಲ ಇವೆ. ಎರಡು ಕೌದಿಗೆ ಧಾರಾಳ. ಕ್ಲಾಸಿನಲ್ಲಿ ಈ ಮಾತು ಎತ್ತಿದೆ. ಟೀಚರ್ ನನ್ನನ್ನು ಕನಿಕರದಿಂದ ನೋಡಿದರು. ಬ್ಲೌಸ್ ಪೀಸು ‘ಥೀಮ್’ಗೆ ಹೊಂದಲ್ಲವಂತೆ.

ಮುಂದಿನ ತಿಂಗಳು ಅಡ್ವಾನ್ಸ್ ಕೋರ್ಸ್ ಶುರು. ವಿಷಯ, ಹಳೆ ಸೀರೆಗಳಿಂದ ಅಜ್ಜಿ ಕಾಲದ ಕೌದಿ. ಬೇಕಾದ ಹಳೆ ಸೀರೆಗಳ ಕಿಟ್ ಅಂಗಡಿಯಲ್ಲೇ ಸಿಗುತ್ತೆ. ಮನೆಯಿಂದ ತರುವಂತಿಲ್ಲ.