ಅಣ್ಣನ ಸಿಲ್ವರ್ ಓಕ್

ಸುಗ್ಗಿ ಹಬ್ಬ ಪುತ್ತರಿಯ ಮರುದಿನ ಕೊಡಗಿನ ನಮ್ಮ ಕಾಫಿ ತೋಟದಿಂದ ಅಣ್ಣ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ. ಗಾಳಿಗೆ ಮುರಿದ ಅತ್ತಿ ಮರದ ಬೊಡ್ಡೆಯನ್ನು ಜೆಸಿಬಿಯಲ್ಲಿ ಕೀಳಿಸಿ, ಸಾಲಾಗಿ ಸಿಲ್ವರ್ ಓಕ್ ನೆಟ್ಟಿದ್ದಾನೆ. ಕೆಳಗೆ 'ಹೇಗಿದೆ?' ಅಂತ ಬೇರೆ. ನೈಜರ್ ದೇಶದ ನಿಯಾಮೆಯಲ್ಲಿ, ಒಂದು ನೆರವು ಸಂಸ್ಥೆಯ ಲೆಕ್ಕ ಬರೆಯುತ್ತಾ, ಧೂಳು ಕುಡಿಯುತ್ತಾ ಕೂತವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಹಿಂದಿನ ವಾರ ತಾನೇ ಮರಾಡಿ ಕಡೆಯ ಹಳ್ಳಿಗೆ ಹೋಗಿದ್ದೆ. ಸಜ್ಜೆ ಕೊಯ್ದ ಹೊಲದಲ್ಲಿ ಒಬ್ಬ ರೈತ ಮೊಣಕಾಲೂರಿ ಕೂತಿದ್ದ. ನೆಲಮಟ್ಟದ ಬೊಡ್ಡೆಯಿಂದ ಹತ್ತಾರು ಚಿಗುರು ಎದ್ದಿದ್ದವು. ಗಟ್ಟಿ ನಾಲ್ಕನ್ನು ಉಳಿಸಿ ಮಿಕ್ಕಿದ್ದನ್ನು ಸವರಿದ. ಅರೆ, ಇದು ಕಾಫಿ ಗಿಡಕ್ಕೆ ನಾವು ಮಾಡುವ ಕಪಾತು ಅಲ್ವಾ!

ಇದನ್ನು ಅಲ್ಲಿ ಹಬ್ಬಿಸಿದವರು ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನೌಡೊ. 1980ರ ದಶಕದ ಶುರುವಿನಲ್ಲಿ ಬಂದು ಸಸಿ ನೆಡಿಸಿದರು. ಬಹುಪಾಲು ಒಣಗಿದವು. ಪೊದೆ ಅಂದುಕೊಂಡದ್ದು ಕಡಿದ ಮರಗಳ ಬುಡ, ಬೇರು ಇನ್ನೂ ಬದುಕಿದೆ ಅಂತ 1983ರಲ್ಲಿ ಹೊಳೆಯಿತು. ನೆಡುವುದು ಬಿಟ್ಟು ಚಿಗುರು ಕಾಯಿಸಿದರು. ಈಗ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎದ್ದಿವೆ. ಅಲ್ಲಿಯ ಗಾವೊ ಮರ ಮಳೆಗಾಲದಲ್ಲಿ ತಾನೇ ಎಲೆ ಉದುರಿಸುತ್ತದೆ, ಸಜ್ಜೆಗೆ ಬಿಸಿಲು ಬಿಡುತ್ತದೆ. ನಮ್ಮಲ್ಲಿ ಮಳೆಗೆ ಮುಂಚೆ ಆಳು ಹತ್ತಿಸಿ, ಕೊಂಬೆ ಕಡಿಸಿ ನೆರಳು ಬಿಡಿಸಬೇಕು, ಆಳು ಸಿಕ್ಕಿದರೆ.

2018ರಲ್ಲಿ ರಿನೌಡೊಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಮಕ್ಕಂದೂರಿನ ಗುಡ್ಡಗಳು ಜಾರಿದವು. ಆಸ್ಟ್ರೇಲಿಯಾದ ಮನುಷ್ಯ ಆಫ್ರಿಕಾಕ್ಕೆ ಹೋಗಿ 'ನಿಮ್ಮ ಮರವೇ ಸಾಕು' ಅಂದ. ನಾವು ಆಸ್ಟ್ರೇಲಿಯಾದ ಮರ ಸಿಲ್ವರ್ ಓಕ್ ತಂದು ಅತ್ತಿ, ನಂದಿ, ಹಲಸಿಗೆ ಜಾಗ ಖಾಲಿ ಮಾಡಿ ಅಂದೆವು. ದೇವರಕಾಡಿಗೆ ಮಾತ್ರ ಕೈ ಮುಗಿಯುತ್ತೇವೆ, ಬೇಲಿಯ ಹೊರಗಿನಿಂದ.

ಇದನ್ನೆಲ್ಲ ಫೋನಿನಲ್ಲಿ ಒದರಿದೆ. ಅಣ್ಣ ಸುಮ್ನೆ ಕೇಳಿದ. ಆಮೇಲೆ, "ಸಿಲ್ವರ್ ಓಕ್‌ಗೆ ಮೆಣಸು ಹಬ್ಬಿಸಬಹುದು. ಮಗಳ ಮದುವೆಗೆ ಕಡಿಯಬಹುದು, ಪರ್ಮಿಷನ್ ಬೇಡ. ತೋಟದ ಬೀಟೆ ನಾನೇ ಸಾಕಿದ್ರೂ ನಂದಲ್ಲ. ನೀನು ಬಂದು ಫಾರೆಸ್ಟ್ ಆಫೀಸಿಗೆ ಅಲೆದಾಡ್ತೀಯಾ?" ಅಂದ.

ಉತ್ತರ ಹೊಳೆಯಲಿಲ್ಲ. ನೈಜರ್‌ನಲ್ಲೂ ಮೊದಲು ಮರ ಸರ್ಕಾರದ್ದೇ, ಕಡಿದರೆ ದಂಡ. ಮರಾಡಿಯಲ್ಲಿ ಅಧಿಕಾರಿಗಳು ಕೈ ಸಡಿಲ ಬಿಟ್ಟ ಮೇಲೆಯೇ ರೈತರು ಚಿಗುರು ಕಾಯ್ದದ್ದು. ಇದು ನನಗೆ ಗೊತ್ತಿತ್ತು, ಅಣ್ಣನಿಗೆ ಹೇಳುವಾಗ ನುಂಗಿಕೊಂಡಿದ್ದೆ.

"ಬೊಡ್ಡೆ ಎಲ್ಲಿ ಹಾಕಿಸಿದೆ?"

"ತೋಡಿನ ಬದಿಗೆ."

"ಚಿಗುರಿದ್ಯಾ ನೋಡು."

"ನಿಂಗೇನು ಬೇರೆ ಕೆಲಸ ಇಲ್ವಾ ಮಾರಾಯ" ಅಂತ ಫೋನ್ ಇಟ್ಟ.